ತುಂತುರು ಎಣ್ಣೆ, ತುಂತುರು ನೀರು

ಹಡಗಿನ ಎಂಜಿನ್ ರೂಮಿಗೆ ಬೆಂಕಿ ಬಿತ್ತೆಂದರೆ ಜನ ಮೊದಲು ಕೇಳುವುದು, ‘ಕಿಡಿ ಎಲ್ಲಿಂದ ಹಾರಿತು?’ ಎಂದು. ಕಿಡಿ ಸಿಗದಿದ್ದರೆ ಹಣೆಬರಹದ ಮಾತು ಶುರುವಾಗುತ್ತದೆ. ನನಗೆ ಬೇಸರವಾಗುವುದು ಅಲ್ಲೇ. ಈ ಬೆಂಕಿಗೆ ಕಿಡಿಯೇ ಬೇಕಾಗಿಲ್ಲ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಸಾಕು. ಎಂಜಿನ್ನಿನಿಂದ ಹೊರಬೀಳುವ ಹೊಗೆ 350 ದಾಟಿರುತ್ತದೆ. ಇಂಧನದ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮುಗಿಯಿತು.

ಆ ಬಿರುಕಿನಿಂದ ಎಣ್ಣೆ ತೊಟ್ಟಿಕ್ಕುವುದಿಲ್ಲ, ಒತ್ತಡಕ್ಕೆ ಮಂಜಾಗಿ ಚಿಮ್ಮುತ್ತದೆ. ಇಲ್ಲೊಂದು ಚೆಂದದ ಲೆಕ್ಕವಿದೆ. ಒಂದು ಲೀಟರ್ ಎಣ್ಣೆಯನ್ನು ಒಂದೇ ಉಂಡೆ ಮಾಡಿದರೆ ಅದರ ಮೈ ಸುಮಾರು 480 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಅಗಲದ ಹನಿಗಳಾಗಿ ಒಡೆದರೆ 120 ಚದರ ಮೀಟರ್! ಎಣ್ಣೆ ಅಷ್ಟೇ, ಗಾಳಿಗೆ ತೆರೆದ ಮೈ ಎರಡೂವರೆ ಸಾವಿರ ಪಟ್ಟು. ಮರದ ದಿಮ್ಮಿಗೆ ಕಡ್ಡಿ ಗೀರಿದರೆ ಹತ್ತುವುದಿಲ್ಲ, ಸಿಬಿರು ಸೀಳಿದರೆ ಹತ್ತುತ್ತದೆ, ಹೊಟ್ಟು ಮಾಡಿ ಗಾಳಿಗೆ ತೂರಿದರೆ ಭಗ್ಗೆನ್ನುತ್ತದೆ. ಇದೂ ಹಾಗೆಯೇ.

ಈ ಮಂಜಿನ ಪಾಠವನ್ನು ಹಡಗಿನವರು ಕಲಿತದ್ದು ಹೆಣಗಳ ಲೆಕ್ಕದಲ್ಲಿ. 1947ರ ಸೆಪ್ಟೆಂಬರಿನಲ್ಲಿ ‘ರೀನಾ ದೆಲ್ ಪೆಸಿಫಿಕೊ’ ಎಂಬ ಹಡಗು ದುರಸ್ತಿ ಮುಗಿಸಿ ಬೆಲ್‌ಫಾಸ್ಟ್ ಬಳಿ ಪರೀಕ್ಷಾ ಓಡಾಟದಲ್ಲಿತ್ತು. ಒಂದು ಪಿಸ್ಟನ್ ಅತಿಯಾಗಿ ಕಾದು, ಎಂಜಿನ್ನಿನ ತಳದ ಮುಚ್ಚಿದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನೊಳಗಿನ ಎಣ್ಣೆ ಮಂಜು ಸಿಡಿಯಿತು. ಸತ್ತವರು 28 ಮಂದಿ. ಇಂದು ದೊಡ್ಡ ಎಂಜಿನ್‌ಗಳ ಒಡಲಲ್ಲಿ ಮಂಜು ದಟ್ಟವಾದ ಕೂಡಲೇ ಎಚ್ಚರಿಸುವ ಸಾಧನ ಇರುತ್ತದೆ, ಒತ್ತಡ ಹೊರಬಿಡುವ ವಾಲ್ವ್ ಇರುತ್ತದೆ.

ಎಂಜಿನ್ನಿನ ಹೊರಗೆ ಚಿಮ್ಮುವ ಮಂಜಿಗೂ ಸೋಲಾಸ್ ಎಂಬ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ಒಪ್ಪಂದದ ನಿಯಮಗಳು ತಡೆ ಹಾಕಿವೆ. ಅಧಿಕ ಒತ್ತಡದ ಇಂಧನ ಪೈಪಿಗೆ ಮೇಲೊಂದು ಕವಚ ಬೇಕು, ಸೋರಿದರೆ ಅಲಾರಂ ಕೂಗಬೇಕು. ಎಣ್ಣೆ ಸಿಡಿಯಬಹುದಾದ ಕಡೆ 220 ಡಿಗ್ರಿ ಮೀರುವ ಲೋಹವೆಲ್ಲ ಲ್ಯಾಗಿಂಗ್, ಅಂದರೆ ಶಾಖ ತಡೆಯುವ ಹೊದಿಕೆ, ಹೊದ್ದಿರಬೇಕು. ರಿಪೇರಿಗೆಂದು ಬಿಚ್ಚಿದ ಆ ಹೊದಿಕೆಯನ್ನು ‘ಆಮೇಲೆ ಕಟ್ಟಿದರಾಯಿತು’ ಎಂದು ಬಿಡುವುದೇ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ಸಂಗತಿ.

ಇಷ್ಟಾಗಿಯೂ ಹತ್ತಿಕೊಂಡರೆ? ಹೊರಗಿನಿಂದಲೇ ಇಂಧನದ ವಾಲ್ವ್ ಮುಚ್ಚಬೇಕು, ಫ್ಯಾನ್ ನಿಲ್ಲಿಸಬೇಕು, ಗಾಳಿದಾರಿ ಬಂದ್ ಮಾಡಬೇಕು. ಕೈಮೀರಿದರೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಎಂಜಿನ್ ರೂಮಿಗೆ ಬೇಕಾದಷ್ಟರಲ್ಲಿ ಶೇ. 85ರಷ್ಟು ಎರಡೇ ನಿಮಿಷದಲ್ಲಿ ಒಳಗೆ ನುಗ್ಗಬೇಕು. ಅದಕ್ಕೂ ಮೊದಲು ತಲೆ ಎಣಿಕೆ, ಏಕೆಂದರೆ ಬೆಂಕಿಯ ಉಸಿರು ಕಟ್ಟಿಸುವ ಅನಿಲ ಒಳಗುಳಿದ ಮನುಷ್ಯನನ್ನೂ ಬಿಡುವುದಿಲ್ಲ. ಅದು ಗಾಳಿಯನ್ನು ಹೊರಗಟ್ಟುತ್ತದೆಯೇ ಹೊರತು ಉಕ್ಕಿನ ಕಾವನ್ನು ಇಳಿಸುವುದಿಲ್ಲ. ಜ್ವಾಲೆ ಕಾಣುತ್ತಿಲ್ಲವೆಂದು ಬಾಗಿಲು ತೆರೆದರೆ ಹೊಸ ಗಾಳಿ ನುಗ್ಗಿ ಮತ್ತೆ ಧಗಧಗ. ಗಂಟೆಗಟ್ಟಲೆ ಕಾಯಲೇಬೇಕು.

ಕಾವನ್ನೇ ಕದಿಯುವುದು ನೀರಿನ ಮಂಜು. ಎಣ್ಣೆಯ ಲೆಕ್ಕ ಇಲ್ಲಿ ನಮ್ಮ ಕಡೆಗೆ ವಾಲುತ್ತದೆ: ಅದೇ ಒಂದು ಲೀಟರ್, ಅದೇ 120 ಚದರ ಮೀಟರ್ ಮೈ. ಆ ನೀರು ಆವಿಯಾಗುವಾಗ 2,200 ಕಿಲೋಜೂಲಿಗೂ ಹೆಚ್ಚು ಶಾಖ ಹೀರಿ, ಸುಮಾರು 1,700 ಪಟ್ಟು ಹಿಗ್ಗಿ, ಜ್ವಾಲೆಯ ಸುತ್ತಲಿನ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಎಂಜಿನ್ನಿನ ನೆತ್ತಿಯ ಮೇಲೆ ಕೂರಿಸಿದ, ಈ ಮಂಜು ಚಿಮ್ಮುವ ನಳಿಕೆಗಳನ್ನು ತಲೆ ಎಣಿಸುತ್ತ ಕಾಯದೆ, ಜನ ಒಳಗಿರುವಾಗಲೇ, ಮೊದಲ ಕ್ಷಣಗಳಲ್ಲೇ ತೆರೆಯಬಹುದು.