ಪ್ರೊಪೆಲ್ಲರ್ ಮೇಲಿನ ಎರಡು ಅಂಕಿ

ಮಾದರಿ ವಿಮಾನದ ಪ್ರೊಪೆಲ್ಲರ್ ಒಂದನ್ನು ಕೈಗೆತ್ತಿಕೊಂಡು ನೋಡಿ. ನಡುವಿನ ತೂತಿನ ಹತ್ತಿರ 10×6 ಅಂತಲೋ 9×8 ಅಂತಲೋ ಅಚ್ಚಾಗಿರುತ್ತದೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಎರಡೂ ಇಂಚಿನಲ್ಲಿ. ಮರಕ್ಕೆ ಸ್ಕ್ರೂ ತಿರುಗಿಸಿದರೆ ಒಂದು ಸುತ್ತಿಗೆ ಇಷ್ಟು ಅಂತ ಒಳಗೆ ಇಳಿಯುತ್ತದೆ, ಅಲ್ವಾ? ಗಾಳಿಯೂ ಮರದಷ್ಟು ಗಟ್ಟಿಯಾಗಿದ್ದರೆ 10×6 ಪ್ರೊಪೆಲ್ಲರ್ ಒಂದು ಸುತ್ತಿಗೆ 6 ಇಂಚು ಮುಂದೆ ಹೋಗುತ್ತಿತ್ತು. ಗಾಳಿ ಜಾರುತ್ತದೆ, ಅದು ಬೇರೆ ಮಾತು.

ಅದನ್ನೇ ತುದಿಯ ಕಡೆಯಿಂದ ನೋಡಿ. ಬ್ಲೇಡ್ ತಿರುಚಿಕೊಂಡಿದೆ. ನಡುವಿನಿಂದ 1 ಇಂಚು ದೂರದಲ್ಲಿ ಸುಮಾರು 44 ಡಿಗ್ರಿ ಓರೆ, ತುದಿಯಲ್ಲಿ ಬರೀ 11 ಡಿಗ್ರಿ. ತುದಿ ಒಂದು ಸುತ್ತಿಗೆ 31 ಇಂಚಿಗೂ ಜಾಸ್ತಿ ದೂರ ಓಡಬೇಕು, ನಡುವಿನ ಹತ್ತಿರದ ಭಾಗಕ್ಕೆ ಆರು ಚಿಲ್ಲರೆ ಇಂಚು ಸಾಕು. ಆದರೆ ಇಬ್ಬರೂ ಮುಂದೆ ಹೋಗಬೇಕಾದ್ದು ಅದೇ 6 ಇಂಚು. ಅದಕ್ಕೇ ಈ ತಿರುಚು.

ಈಗ ಇಂಜಿನ್ ಕಡೆಗೆ ಬರೋಣ. ಅದೇ ವೇಗದಲ್ಲಿ ತಿರುಗಿಸುವಾಗ ಪಿಚ್ ಎರಡರಷ್ಟಾದರೆ ಹೊರೆಯೂ ಸುಮಾರು ಎರಡರಷ್ಟಾಗುತ್ತದೆ. ವ್ಯಾಸ ಎರಡರಷ್ಟಾದರೆ? ಹೆಚ್ಚುಕಡಿಮೆ 16 ಪಟ್ಟು! ವ್ಯಾಸ×ವ್ಯಾಸ×ವ್ಯಾಸ×ವ್ಯಾಸ ಅಂತ ಗುಣಿಸಿ, ಅದನ್ನು ಪಿಚ್‌ನಿಂದ ಗುಣಿಸಿದರೆ ಹೊರೆಯ ಅಂದಾಜು ಸಿಗುತ್ತದೆ. ‘ವ್ಯಾಸ ಒಂದಿಂಚು ಏರಿಸಿದರೆ ಪಿಚ್ ಒಂದಿಂಚು ಇಳಿಸಿ’ ಅನ್ನುವ ರೂಢಿಯ ಲೆಕ್ಕ ನನಗೆ ಅಷ್ಟಾಗಿ ಹಿಡಿಸದೇ ಇರುವುದು ಇದಕ್ಕೇ. 10×6ರ ಹೊರೆಗೆ ಸರಿಸಮ ಬರುವುದು 11×5 ಅಲ್ಲ, 11×4.

ಹೊರೆ ಒಂದೇ ಇದ್ದರೂ ಹಾರಾಟ ಒಂದೇ ಅಲ್ಲ. ಇದನ್ನು ನಾನು ಕಲಿತದ್ದು ಪೆಚ್ಚಾಗಿ. ನನ್ನ ಟ್ರೈನರ್, ಅಂದರೆ ಹಾರಿಸಲು ಕಲಿಯುವ ವಿಮಾನದಲ್ಲಿ 40 ಸೈಜಿನ, ಅಂದರೆ ಸುಮಾರು 6.5 ಸಿಸಿಯ ಗ್ಲೋ ಇಂಜಿನ್ (ಪ್ಲಗ್ಗಿನ ಕಾದ ತಂತಿಯಿಂದ ಇಂಧನ ಹೊತ್ತಿಸುವಂಥದ್ದು) ಇತ್ತು. ಪಿಚ್ ಜಾಸ್ತಿ ಇದ್ದರೆ ವೇಗ ಜಾಸ್ತಿ ಅಂದುಕೊಂಡು 9×8 ಹಾಕಿದೆ. ಸದ್ದು ಜೋರಾಗಿ ಬಂತು. ವಿಮಾನ ಮಾತ್ರ ಹುಲ್ಲಿನ ಮೇಲೆ ತೆವಳಿಕೊಂಡು ಹೋಗಿ ಮೈದಾನದ ಅಂಚಿನಲ್ಲಿ ನಿಂತಿತು. 10×5 ಹಾಕಿದೆ. ಇಂಜಿನ್ ಸುತ್ತು ಬಹುತೇಕ ಅಷ್ಟೇ, ಆದರೆ ವಿಮಾನ ಅರ್ಧ ಮೈದಾನ ದಾಟುವ ಮೊದಲೇ ಮೇಲೆದ್ದಿತು.

ಆಗಿದ್ದು ಇಷ್ಟೇ. ಬ್ಲೇಡ್ ಅಂದರೆ ತಿರುಗುವ ರೆಕ್ಕೆ. ವಿಮಾನ ಇನ್ನೂ ನಿಧಾನವಾಗಿದ್ದಾಗ ಕಡಿದಾದ ಬ್ಲೇಡಿನ ಬೆನ್ನಿನ ಮೇಲೆ ಗಾಳಿ ಅಂಟಿಕೊಳ್ಳದೆ ಚದುರುತ್ತದೆ. ಶಕ್ತಿಯೆಲ್ಲ ಗಾಳಿ ಕಡೆಯುವುದಕ್ಕೇ ಖರ್ಚು, ಎಳೆತ ಕಡಿಮೆ. ನಿಮಿಷಕ್ಕೆ 11,000 ಸುತ್ತಿನಲ್ಲಿ 8 ಇಂಚಿನ ಪಿಚ್ ಅಂದರೆ ಗಂಟೆಗೆ ಸುಮಾರು 134 ಕಿಲೋಮೀಟರ್. ದಪ್ಪ ರೆಕ್ಕೆಯ ಟ್ರೈನರ್‌ಗೆ ಆ ವೇಗ ಎಟುಕುವುದೇ ಇಲ್ಲ. 5 ಇಂಚಿಗೆ ಬರುವ 84 ಧಾರಾಳ ಸಾಕು. ನುಣುಪು ಮೈಯ ರೇಸ್ ವಿಮಾನಕ್ಕಾದರೆ ಲೆಕ್ಕ ತಿರುಗುಮುರುಗು.

ನೆಲದ ಮೇಲೆ ಟ್ಯಾಕೋಮೀಟರ್ ಹಿಡಿದು ಸುತ್ತು ಎಣಿಸುವಾಗ ಒಂದು ನೆನಪಿರಲಿ. ವಿಮಾನ ಹಾರತೊಡಗಿದ ಮೇಲೆ ಬ್ಲೇಡಿನ ಹೊರೆ ಹಗುರಾಗಿ ಸುತ್ತು ಇನ್ನೂ ಏರುತ್ತದೆ. ತೀರಾ ಚಿಕ್ಕ ಪ್ರೊಪೆಲ್ಲರ್ ಹಾಕಿದರೆ ಇಂಜಿನ್ ಮಿತಿಮೀರಿ ಓಡಿ ಸವೆಯುತ್ತದೆ. ತೀರಾ ದೊಡ್ಡದಾದರೆ ತಿಣುಕುತ್ತಾ ಬಿಸಿಯಾಗುತ್ತದೆ.

ಹೊಸ ಪ್ರೊಪೆಲ್ಲರ್ ಅಂತ ಸುಮ್ನೆ ಬಿಗಿದುಬಿಡಬೇಡಿ. ತೂತಿಗೆ ಸರಿಯಾಗಿ ಕೂರುವ ನಯವಾದ ಸರಳು ತೂರಿಸಿ ಅಡ್ಡಲಾಗಿ ಹಿಡಿಯಿರಿ. ಒಂದು ಬ್ಲೇಡ್ ಕೆಳಗೆ ವಾಲಿದರೆ ಅದು ಇನ್ನೊಂದಕ್ಕಿಂತ ಭಾರ ಅಂತ ಅರ್ಥ; ಅದರ ಹಿಂಬದಿಯನ್ನು ಉಪ್ಪುಕಾಗದದಲ್ಲಿ ಚೂರು ಚೂರೇ ಉಜ್ಜಿ. ನಡುಭಾಗವನ್ನು ಮಾತ್ರ ಮುಟ್ಟಬೇಡಿ. 11,000 ಸುತ್ತಿನಲ್ಲಿ 10 ಇಂಚಿನ ಪ್ರೊಪೆಲ್ಲರಿನ ತುದಿ ಗಂಟೆಗೆ 500 ಕಿಲೋಮೀಟರ್‌ಗೂ ಮೀರಿ ಓಡುತ್ತಿರುತ್ತದೆ. ತುದಿ ಚೂರು ಮುಕ್ಕಾಗಿದ್ದರೂ ಎಸೆಯಿರಿ, ಅಂಟು ಹಾಕಲು ಹೋಗಬೇಡಿ. ಇಂಜಿನ್ ಶುರುವಾದ ಮೇಲೆ ನೀಡಲ್ ವಾಲ್ವ್ (ಇಂಧನ ಹೆಚ್ಚುಕಡಿಮೆ ಮಾಡುವ ತಿರುಪು) ತಿರುಗಿಸಬೇಕಿದ್ದರೆ ಪ್ರೊಪೆಲ್ಲರಿನ ಹಿಂದೆ ಬಂದು ನಿಂತು ತಿರುಗಿಸಿ.