ಸೋಮನಹಳ್ಳಿಯ ಲಾ ಮೇಷ್ಟ್ರು, ಮೂರು ನದಿ

ಮಂಡ್ಯದಲ್ಲಿ ಎಸ್.ಎಂ. ಕೃಷ್ಣ ಅವರ ಮಾತು ಎತ್ತಿ ನೋಡಿ. ಐದು ನಿಮಿಷದೊಳಗೆ ಮಾತು 2002ಕ್ಕೆ ಬಂದು ನಿಲ್ಲುತ್ತದೆ. ಬೆಂಗಳೂರಿನವರು ಐಟಿ ಅನ್ನುತ್ತಾರೆ, ರಾಜ್‌ಕುಮಾರ್ ಅಪಹರಣದ 108 ದಿನ ಅನ್ನುತ್ತಾರೆ, ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಅನ್ನುತ್ತಾರೆ. ನಮ್ಮ ಕಡೆ ಹಾಗಲ್ಲ. ತಮಿಳುನಾಡಿಗೆ ಕಾವೇರಿ ನೀರು ಬಿಟ್ಟರಾ, ಬಿಡಲಿಲ್ಲವಾ? ಅಷ್ಟೇ ಪ್ರಶ್ನೆ.

2024ರ ಡಿಸೆಂಬರ್ 10ರಂದು ಅವರು ತೀರಿಕೊಂಡಾಗ ಬಂದ ಬರಹಗಳಲ್ಲೆಲ್ಲ ಹುದ್ದೆಗಳ ಪಟ್ಟಿ ಇತ್ತು. ಶಾಸಕ, ಸಂಸದ, ಸ್ಪೀಕರ್, ಮುಖ್ಯಮಂತ್ರಿ, ರಾಜ್ಯಪಾಲ, ವಿದೇಶಾಂಗ ಸಚಿವ. ಪಟ್ಟಿಯ ಶುರುವಿನಲ್ಲಿ ಒಂದು ಸಾಲು ಸುಮ್ನೆ ಬಂದು ಹೋಗುತ್ತಿತ್ತು: ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕರಾಗಿದ್ದರು ಅಂತ. ನನಗೆ ಆ ಸಾಲೇ ಹಿಡಿಸಿದ್ದು. ಎರಡು ದೇಶಗಳ ನಡುವೆ ಹರಿಯುವ ನದಿ ಯಾರದು ಅನ್ನೋದು ಆ ವಿಷಯದ ಹಳೇ ಪ್ರಶ್ನೆಗಳಲ್ಲಿ ಒಂದು. ಅದನ್ನು ಓದಿಸುತ್ತಿದ್ದ ಮೇಷ್ಟ್ರ ಬದುಕಿನಲ್ಲಿ ಆಮೇಲೆ ಒಂದಲ್ಲ, ಮೂರು ನದಿಗಳು ಎದುರಾದವು.

ಕೃಷ್ಣ ಹುಟ್ಟಿದ್ದು 1932ರ ಮೇ 1ರಂದು, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿಎ, ಬೆಂಗಳೂರಿನಲ್ಲಿ ಲಾ. ಅಲ್ಲಿಂದ ಅಮೆರಿಕ. ಮೊದಲು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿರುವ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ, ಆಮೇಲೆ ಫುಲ್‌ಬ್ರೈಟ್ ಸ್ಕಾಲರ್ ಆಗಿ ವಾಷಿಂಗ್ಟನ್‌ನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ. 1960ರಲ್ಲಿ ಕೆನೆಡಿ ಚುನಾವಣೆಗೆ ನಿಂತಾಗ ಈ ಮದ್ದೂರಿನ ಹುಡುಗ ಅಲ್ಲಿನ ಭಾರತೀಯರ ನಡುವೆ ಪ್ರಚಾರ ಮಾಡಿದ್ದರು. ಗೆದ್ದ ಮೇಲೆ ಕೆನೆಡಿಯಿಂದ ಥ್ಯಾಂಕ್ಸ್ ಹೇಳಿ ಪತ್ರ ಬಂದದ್ದು ನಮ್ಮ ಕಡೆ ಇವತ್ತಿಗೂ ಹೇಳಿಕೊಳ್ಳುವ ಕತೆ.

ಟೆಕ್ಸಾಸ್ ಅಂದೆನಲ್ಲ, ಅಲ್ಲೊಂದು ನದಿ ಇದೆ, ರಿಯೋ ಗ್ರಾಂಡೆ. ಆಚೆ ದಡ ಮೆಕ್ಸಿಕೋ, ಈಚೆ ದಡ ಟೆಕ್ಸಾಸ್. ಮೇಲ್ಭಾಗದಲ್ಲಿ ಅಮೆರಿಕದ ರೈತರು ನೀರು ತಿರುಗಿಸಿಕೊಂಡರು ಅಂತ ಮೆಕ್ಸಿಕೋ ದೂರು ಕೊಟ್ಟಾಗ, 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ಒಂದು ಅಭಿಪ್ರಾಯ ಕೊಟ್ಟ. ನಮ್ಮ ನೆಲದಲ್ಲಿ ಹರಿಯುವ ನೀರು ನಮ್ಮದು, ಕೆಳಗಿನವರಿಗೆ ಬಿಡಲೇಬೇಕು ಅಂತ ಯಾವ ಕಾನೂನೂ ಇಲ್ಲ ಅನ್ನೋದು ಅದರ ಸಾರಾಂಶ. ಮಂಡ್ಯದ ಸಂಜಯ ಸರ್ಕಲ್‌ನಲ್ಲಿ ಮೈಕು ಹಿಡಿದವರು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ? ತಮಾಷೆ ಏನೆಂದರೆ ಅಮೆರಿಕವೇ ಆ ಮಾತಿಗೆ ಅಂಟಿಕೊಳ್ಳಲಿಲ್ಲ. 1906ರಲ್ಲಿ ಮೆಕ್ಸಿಕೋ ಜೊತೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 60,000 ಎಕರೆ-ಅಡಿ ನೀರು ಕೊಡುತ್ತೇವೆ ಎಂದಿತು. ನಮ್ಮ ಲೆಕ್ಕದಲ್ಲಿ ಸುಮಾರು 2.6 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ).

ಕೃಷ್ಣ ವಾಪಸು ಬಂದು ಪಾಠ ಮಾಡಿದ್ದು ಜಾಸ್ತಿ ದಿನವೇನಲ್ಲ. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ನಿಂತರು. ಎದುರಾಳಿ ಕೆ.ವಿ. ಶಂಕರಗೌಡರು, ಮಂಡ್ಯದವರು 'ನಿತ್ಯ ಸಚಿವ' ಅಂತ ಕರೆಯುತ್ತಿದ್ದ ದೊಡ್ಡ ಮನುಷ್ಯ. ಅವರ ಪರ ಪ್ರಚಾರಕ್ಕೆ ಬಂದಿದ್ದವರು ಸಾಕ್ಷಾತ್ ನೆಹರೂ. ಆದರೂ ಗೆದ್ದದ್ದು ಇನ್ನೂ 30 ತುಂಬದ ಲಾ ಮೇಷ್ಟ್ರು. ಆದರೆ ಮಂಡ್ಯ ಯಾರನ್ನೂ ಕಾಯಂ ಆಗಿ ಇಟ್ಟುಕೊಳ್ಳುವ ಊರಲ್ಲ. 1967ರಲ್ಲಿ ಇದೇ ಮದ್ದೂರು ಕೃಷ್ಣರನ್ನು ಸೋಲಿಸಿತು. ಅತ್ತ ಶಂಕರಗೌಡರು 1984ರಲ್ಲಿ ಜನತಾ ಪಕ್ಷದಿಂದ ಮಂಡ್ಯದ ಸಂಸದರಾದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1968ರ ಉಪಚುನಾವಣೆಯಲ್ಲಿ ಮಂಡ್ಯದಿಂದ ಲೋಕಸಭೆ, ಆಗ ಪ್ರಜಾ ಸೋಷಲಿಸ್ಟ್ ಪಕ್ಷ. ಆಮೇಲೆ ಕಾಂಗ್ರೆಸ್, ದೇವರಾಜ ಅರಸು ಸಂಪುಟದಲ್ಲಿ ಕೈಗಾರಿಕೆ ಖಾತೆ. 1982ರಲ್ಲಿ ವಿಶ್ವಸಂಸ್ಥೆಗೆ ಹೋದ ಭಾರತದ ನಿಯೋಗದಲ್ಲಿ ಇದ್ದರು. ಇಂದಿರಾ ಸರ್ಕಾರದಲ್ಲಿ ರಾಜ್ಯ ಸಚಿವ, 1989ರಿಂದ ವಿಧಾನಸಭೆಯ ಸ್ಪೀಕರ್, ಆಮೇಲೆ ಉಪಮುಖ್ಯಮಂತ್ರಿ.

ಸ್ಪೀಕರ್ ಕುರ್ಚಿಯಲ್ಲಿದ್ದ ಕಾಲದಲ್ಲೇ ಕಾವೇರಿ ಹೊತ್ತಿಕೊಂಡದ್ದು. ಮೈಸೂರು ಸಂಸ್ಥಾನ ಮತ್ತು ಮದ್ರಾಸಿನ ನಡುವೆ 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು. ಎರಡನೆಯದರಲ್ಲಿ 50 ವರ್ಷ ಕಳೆದ ಮೇಲೆ ಮರುಪರಿಶೀಲನೆ ಅಂತ ಇತ್ತು. 1974 ಬಂತು, ಹೋಯಿತು, ಪತ್ರ ಬರೆದದ್ದೇ ಬರೆದದ್ದು. 1990ರ ಜೂನ್‌ನಲ್ಲಿ ನ್ಯಾಯಮಂಡಳಿ ಆಯಿತು. ಮರುವರ್ಷದ ಜೂನ್‌ನಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಿ ಅಂತ ಮಧ್ಯಂತರ ಆದೇಶ ಬಂತು. ಬಂಗಾರಪ್ಪ ಸರ್ಕಾರ ಸುಗ್ರೀವಾಜ್ಞೆ ತಂದು ತಡೆಯಲು ನೋಡಿತು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಗಲಭೆ.

ಆ 205ರ ಆದೇಶ 2002ರಲ್ಲಿ ಬಂದು ಕೃಷ್ಣರ ತಲೆ ಮೇಲೆ ಕೂತಿತು. 1999ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಆದವರಿಗೆ 2001ರಿಂದ ಸಾಲು ಸಾಲು ಬರ. ಕೆಆರ್‌ಎಸ್ ತುಂಬಿದರೆ 124.80 ಅಡಿ ಅಂತ ಮಂಡ್ಯದ ಮಕ್ಕಳಿಗೂ ಗೊತ್ತು, ಆ ವರ್ಷ ಅದು ಬರೀ ಆಸೆ. 2002ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದಿನಕ್ಕೆ 1.25 ಟಿಎಂಸಿ ಬಿಡಿ ಎಂದಿತು. ಪ್ರಧಾನಿ ವಾಜಪೇಯಿ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಅದನ್ನು 0.8ಕ್ಕೆ ಇಳಿಸಿತು. ಅಂದರೆ ದಿನವಿಡೀ 9,000 ಕ್ಯುಸೆಕ್‌ಗೂ (ಸೆಕೆಂಡಿಗೆ ಇಷ್ಟು ಘನ ಅಡಿ) ಮೇಲೆ. ಇತ್ತ ನಾಲೆಗಳಲ್ಲಿ ನೀರಿಲ್ಲ. ರೈತರೊಬ್ಬರು ಕಬಿನಿ ಜಲಾಶಯಕ್ಕೆ ಹಾರಿ ಪ್ರಾಣ ಬಿಟ್ಟರು. ಸರ್ಕಾರ ನೀರು ನಿಲ್ಲಿಸಿತು.

ಆಮೇಲೆ ನಡೆದದ್ದು ವಿಚಿತ್ರ. ಅಕ್ಟೋಬರ್‌ನಲ್ಲಿ ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. 70 ವರ್ಷದ ಮುಖ್ಯಮಂತ್ರಿ, ತನ್ನದೇ ಸರ್ಕಾರ ಇರುವಾಗ, ತನ್ನದೇ ಜಿಲ್ಲೆಯ ರೈತರಿಗೆ ಸಮಾಧಾನ ಹೇಳಲು ಹೆದ್ದಾರಿಯಲ್ಲಿ ನಡೆದರು. ಕೋರ್ಟಿನಲ್ಲಿ ನ್ಯಾಯಾಂಗ ನಿಂದನೆಯ ಕೇಸು. ಕೊನೆಗೆ ನೀರನ್ನೂ ಬಿಟ್ಟರು, ಕೋರ್ಟಿನ ಕ್ಷಮೆಯನ್ನೂ ಕೇಳಿದರು. ಮಂಡ್ಯ ಇದನ್ನು ಮರೆಯಲಿಲ್ಲ. 2004ರ ಚುನಾವಣೆಯಲ್ಲಿ ಅವರು ಮದ್ದೂರು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಗೆ ಹೋದರು. ಅವರು ಗೆದ್ದರು, ಸರ್ಕಾರ ಹೋಯಿತು.

ನನಗನ್ನಿಸುವುದು, ಕೃಷ್ಣ ಅಲ್ಲಿ ಸಿಕ್ಕಿಬಿದ್ದದ್ದು ಲಾ ಓದಿದ್ದರಿಂದಲೇ. ಕೋರ್ಟಿನ ಆದೇಶ ಮೀರಿದರೆ ಏನಾಗುತ್ತದೆ ಅಂತ ಗೊತ್ತಿಲ್ಲದವರು ಧೈರ್ಯವಾಗಿ ಮೀರುತ್ತಾರೆ. ಇವರಿಗೆ ಪೂರ್ತಿ ಗೊತ್ತಿತ್ತು. ಮೀರಿದ್ದೂ ಅರ್ಧ, ಬಗ್ಗಿದ್ದೂ ಅರ್ಧ, ಎರಡೂ ಕಡೆ ಬೈಗುಳ ಮಾತ್ರ ಪೂರ್ತಿ.

ಮಹಾರಾಷ್ಟ್ರದ ರಾಜ್ಯಪಾಲರಾಗಿ ಮೂರು ವರ್ಷ ಕಳೆದು, 2009ರ ಮೇ ತಿಂಗಳಲ್ಲಿ ವಿದೇಶಾಂಗ ಸಚಿವರಾದರು. ಪಾಠ ಮಾಡಿದ ವಿಷಯವೇ ಈಗ ಕೆಲಸ. ಜನಕ್ಕೆ ಜಾಸ್ತಿ ನೆನಪಿರುವುದು ಎಡವಟ್ಟುಗಳು. ಸರ್ಕಾರ ಖರ್ಚು ಕಡಿಮೆ ಮಾಡಿ ಅನ್ನುತ್ತಿದ್ದಾಗ ಪಂಚತಾರಾ ಹೋಟೆಲಿನಲ್ಲಿದ್ದು ಅಲ್ಲಿಂದ ಹೊರಬರಬೇಕಾಯಿತು. 2011ರ ಫೆಬ್ರುವರಿಯಲ್ಲಿ ಭದ್ರತಾ ಮಂಡಳಿಯಲ್ಲಿ ಮುಂದಿದ್ದ ಪೋರ್ಚುಗಲ್ ಸಚಿವರ ಭಾಷಣವನ್ನೇ ಮೂರು ನಿಮಿಷ ಓದಿಬಿಟ್ಟರು. ನಕ್ಕವರು ನಕ್ಕರು. ಆದರೆ ನದಿಯ ಕತೆ ಅಲ್ಲಿ ಇನ್ನೊಂದು ರೂಪ ತಾಳಿತ್ತು, ಅದನ್ನು ಗಮನಿಸಿದವರು ಕಡಿಮೆ.

2010ರ ಮೇನಲ್ಲಿ ಪಾಕಿಸ್ತಾನ ಕಾಶ್ಮೀರದ ಕಿಶನ್‌ಗಂಗಾ ನದಿಯ ವಿದ್ಯುತ್ ಯೋಜನೆಯ ಮೇಲೆ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಯಿತು. 1960ರ ಸಿಂಧೂ ಒಪ್ಪಂದದ ಪ್ರಕಾರ ಅದು ಸಾಧ್ಯವಿತ್ತು. ಸಿಂಧೂ ವಿಷಯವನ್ನು ನೇರವಾಗಿ ನೋಡಿಕೊಳ್ಳುವುದು ಜಲಸಂಪನ್ಮೂಲ ಇಲಾಖೆಯೇ, ನಿಜ. ಆದರೆ ಇಸ್ಲಾಮಾಬಾದಿನ ಮೇಜಿಗೆ ಹೋಗಿ ಕೂರುತ್ತಿದ್ದವರು ಕೃಷ್ಣ. ಅಲ್ಲಿ ಭಾರತ ಮೇಲಿನವರು, ಪಾಕಿಸ್ತಾನ ಕೆಳಗಿನವರು. 2013ರ ಕೊನೆಗೆ ಬಂದ ತೀರ್ಪಿನಲ್ಲಿ ಭಾರತ ನೀರು ತಿರುಗಿಸಬಹುದು, ಆದರೆ ಕೆಳಗಡೆಗೆ ಸೆಕೆಂಡಿಗೆ ಕನಿಷ್ಠ 9 ಘನ ಮೀಟರ್, ಅಂದರೆ ಸುಮಾರು 318 ಕ್ಯುಸೆಕ್, ಹರಿಯಲೇಬೇಕು ಎಂದಾಯಿತು. ಅಷ್ಟರಲ್ಲಿ ಕೃಷ್ಣ ಹುದ್ದೆಯಲ್ಲಿ ಇರಲಿಲ್ಲ.

ಮೂರನೆಯದು ತೀಸ್ತಾ, ಉತ್ತರ ಬಂಗಾಳದಿಂದ ಬಾಂಗ್ಲಾದೇಶಕ್ಕೆ ಹರಿಯುವ ನದಿ. 2011ರ ಜುಲೈನಲ್ಲಿ ಕೃಷ್ಣ ಢಾಕಾಗೆ ಹೋಗಿ ಬಂದರು. ಸೆಪ್ಟೆಂಬರ್‌ನಲ್ಲಿ ಮನಮೋಹನ್ ಸಿಂಗ್ ಹೋಗುವಾಗ ತೀಸ್ತಾ ನೀರು ಹಂಚಿಕೆಗೆ ಸಹಿ ಬೀಳಬೇಕಿತ್ತು. ಕೊನೇ ಗಳಿಗೆಯಲ್ಲಿ ಮಮತಾ ಬ್ಯಾನರ್ಜಿ ನಾನು ಬರಲ್ಲ ಅಂದರು. ಉತ್ತರ ಬಂಗಾಳದ ರೈತರ ನೀರು ಕೊಡಲು ಅವರು ತಯಾರಿರಲಿಲ್ಲ. ಬೇರೆ ದೇಶದ ಜೊತೆ ಒಪ್ಪಂದಕ್ಕೆ ಕಾನೂನು ಮಾಡುವ ಅಧಿಕಾರ ಸಂವಿಧಾನದ 253ನೇ ವಿಧಿಯಲ್ಲಿ ಸಂಸತ್ತಿಗೇ ಇದೆ. ಆದರೂ ಮುಖ್ಯಮಂತ್ರಿಯನ್ನು ಬದಿಗೆ ತಳ್ಳಿ ಸಹಿ ಹಾಕುವ ಧೈರ್ಯ ದೆಹಲಿಗೆ ಬರಲಿಲ್ಲ. ಒಪ್ಪಂದ ಅಲ್ಲೇ ನಿಂತಿತು. ಒಂಬತ್ತು ವರ್ಷದ ಹಿಂದೆ ಇದೇ ರೀತಿ ನೀರು ಹಿಡಿದುಕೊಂಡು ದೆಹಲಿಯ ಕಡೆ ನೋಡುತ್ತಿದ್ದ ಮುಖ್ಯಮಂತ್ರಿ ಈಗ ದೆಹಲಿಯ ಕುರ್ಚಿಯಲ್ಲಿದ್ದರು. ಮಮತಾ ಯಾಕೆ ಹಾಗೆ ಮಾಡಿದರು ಅನ್ನೋದು ಆ ಸಂಪುಟದಲ್ಲಿ ಬೇರೆ ಯಾರಿಗಿಂತಲೂ ಕೃಷ್ಣರಿಗೆ ಚೆನ್ನಾಗಿ ಅರ್ಥವಾಗಿರಬೇಕು.

2012ರ ಸೆಪ್ಟೆಂಬರ್‌ನಲ್ಲಿ ಇಸ್ಲಾಮಾಬಾದಿನಲ್ಲಿ ವೀಸಾ ಸಡಿಲಿಸುವ ಒಪ್ಪಂದಕ್ಕೆ ಸಹಿಯಾಯಿತು. 65 ದಾಟಿದವರಿಗೆ ಗಡಿಯಲ್ಲೇ ವೀಸಾ ಕೊಡುವ ಮಾತು ಅದರಲ್ಲಿತ್ತು. ಅಕ್ಟೋಬರ್‌ನಲ್ಲಿ ರಾಜೀನಾಮೆ. 2017ರಲ್ಲಿ ಬಿಜೆಪಿ ಸೇರಿದರು, 2023ರಲ್ಲಿ ಪದ್ಮವಿಭೂಷಣ ಬಂತು.

ಕಾವೇರಿಯ ಕೊನೆಯ ಮಾತು ಬಂದದ್ದು 2018ರ ಫೆಬ್ರುವರಿ 16ರಂದು. ನ್ಯಾಯಮಂಡಳಿ 2007ರಲ್ಲಿ ಹೇಳಿದ್ದ 192 ಟಿಎಂಸಿಯನ್ನು ಸುಪ್ರೀಂ ಕೋರ್ಟ್ 177.25ಕ್ಕೆ ಇಳಿಸಿತು. ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಆ ತೀರ್ಪು ಆಧಾರವಾಗಿ ಹಿಡಿದದ್ದರಲ್ಲಿ ಹೆಲ್ಸಿಂಕಿ ನಿಯಮಗಳೂ ಇವೆ. ನದಿ ಯಾರೊಬ್ಬರ ಸ್ವತ್ತೂ ಅಲ್ಲ, ಅಗತ್ಯ ನೋಡಿ ನ್ಯಾಯವಾಗಿ ಹಂಚಿಕೊಳ್ಳಿ ಅನ್ನುವ ಅಂತರರಾಷ್ಟ್ರೀಯ ನಿಯಮ. ಅದು ಬಂದದ್ದು 1966ರಲ್ಲಿ, ಕೃಷ್ಣ ಪಾಠ ಬಿಟ್ಟು ನಾಲ್ಕು ವರ್ಷದ ಮೇಲೆ. ಕ್ಲಾಸಿನಲ್ಲಿ ಅದನ್ನು ಹೇಳುವ ಅವಕಾಶ ಅವರಿಗೆ ಸಿಗಲೇ ಇಲ್ಲ.

ಇನ್ನೊಂದು ವಿಷಯ ಇದೆ, ಮಂಡ್ಯದವರಿಗೆ ಬಿಟ್ಟರೆ ಹೊರಗೆ ಅಷ್ಟಾಗಿ ಗೊತ್ತಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಾಗ ಮೊದಲು ಪಾಂಡವಪುರ, ಮಂಡ್ಯದ ಕಡೆ ಗದ್ದೆಗಳು ಕುಡಿಯುತ್ತವೆ. ಮದ್ದೂರು, ಮಳವಳ್ಳಿ ಕೊನೇ ಭಾಗ. ನೀರು ಕಡಿಮೆಯಾಗಿ ಕಟ್ಟು ಪದ್ಧತಿ (ಸರದಿ ಮೇಲೆ ನೀರು ಬಿಡುವುದು) ಶುರುವಾದ ವರ್ಷವಂತೂ ಮೇಲಿನವರೇ ತೂಬು ಎತ್ತಿಕೊಂಡು ಎಲ್ಲ ಕುಡಿದುಬಿಡುತ್ತಾರೆ, ನಮ್ಮ ಪಾಲು ನಮಗೆ ಬಿಡಿಸಿಕೊಡಿ ಅಂತ ಮದ್ದೂರಿನ ರೈತರು ನೀರಾವರಿ ಆಫೀಸಿನ ಮುಂದೆ ಕೂರುತ್ತಾರೆ. ತಂಜಾವೂರಿನವರು ಕೋರ್ಟಿನಲ್ಲಿ ಹೇಳುವುದೂ ಹೆಚ್ಚುಕಮ್ಮಿ ಇದೇ ಮಾತು, ತಮಿಳಿನಲ್ಲಿ.