ಹಣೆಯ ಗೆರೆ ಸಡಿಲಿಸುವ ಸೂಜಿ: ಕಣ್ಣಿನ ಚಿಕಿತ್ಸೆಯಿಂದ ಹೊರಟ ಹಾದಿ

ಮುಖದ ಸುಕ್ಕಿಗೆ ಕೊಡುವ ಚುಚ್ಚುಮದ್ದಿನ ಬಗ್ಗೆ ಮಾತನಾಡುವಾಗ ಎರಡು ಬೇರೆ ಬೇರೆ ಪದಾರ್ಥಗಳನ್ನು ‘ಬೊಟಾಕ್ಸ್’ ಎಂಬ ಒಂದೇ ಹೆಸರಿನಿಂದ ಕರೆಯಲಾಗುತ್ತಿದ್ದು, ಗೊಂದಲದ ಬಹುಪಾಲು ಅಲ್ಲಿಂದಲೇ ಹುಟ್ಟುತ್ತದೆ. ಸ್ನಾಯುವನ್ನು ಕೆಲಕಾಲ ಸಡಿಲಿಸುವುದು ಬೊಟುಲಿನಮ್ ಟಾಕ್ಸಿನ್, ಅಂದರೆ ಕೆಟ್ಟ ಆಹಾರದಲ್ಲಿ ಬ್ಯಾಕ್ಟೀರಿಯಾವೊಂದು ಹುಟ್ಟಿಸುವ ವಿಷ; ಚರ್ಮದಡಿಯ ತಗ್ಗನ್ನು ತುಂಬುವುದು ಫಿಲ್ಲರ್. ಫಿಲ್ಲರ್‌ನ ಚರಿತ್ರೆ 19ನೇ ಶತಮಾನದ ಕೊನೆಯಲ್ಲಿ ಪ್ಯಾರಾಫಿನ್ ಎಂಬ ಮೇಣದಂಥ ಪದಾರ್ಥದಿಂದ ಆರಂಭವಾಗಿ, ಅದು ದೇಹದಲ್ಲಿ ಗಂಟುಕಟ್ಟಿದ ಕಹಿ ಅನುಭವವನ್ನು ದಾಟಿ, 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ದನದ ಕೊಲಾಜನ್‌ಗೂ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್) 2003ರಲ್ಲಿ ಹಯಲುರಾನಿಕ್ ಆಮ್ಲಕ್ಕೂ (ನೀರನ್ನು ಹಿಡಿದಿಡುವ, ದೇಹದಲ್ಲೇ ಇರುವ ಪದಾರ್ಥ) ಬಂದು ನಿಂತಿತು.

ಟಾಕ್ಸಿನ್‌ನ ದಾರಿ ಇದಕ್ಕಿಂತ ವಿಚಿತ್ರವಾದದ್ದು. ಕೆಟ್ಟ ಸಾಸೇಜ್ ತಿಂದವರ ಸ್ನಾಯುಗಳು ಸೋಲುವುದನ್ನು 1820ರ ಆಸುಪಾಸಿನಲ್ಲಿ ವಿವರವಾಗಿ ದಾಖಲಿಸಿದ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್, ಈ ವಿಷವೇ ಮುಂದೆ ಔಷಧವಾಗಬಹುದೆಂದು ಊಹಿಸಿದ್ದರು. ಆ ಊಹೆ ನಿಜವಾಗಲು ಒಂದೂವರೆ ಶತಮಾನ ಬೇಕಾಯಿತು.

1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನೇತ್ರತಜ್ಞ ಅಲನ್ ಸ್ಕಾಟ್, ಮೆಳ್ಳೆಗಣ್ಣನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಸರಿಪಡಿಸುವ ಬಗೆಯನ್ನು ಹುಡುಕುತ್ತಿದ್ದರು. ನರದ ತುದಿಯಿಂದ ಸ್ನಾಯುವಿಗೆ ಸಂಕೇತ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗದಂತೆ ತಡೆಯುವ ಈ ಟಾಕ್ಸಿನ್ ಅನ್ನು ಅತ್ಯಲ್ಪ ಪ್ರಮಾಣದಲ್ಲಿ ಎಳೆಯುತ್ತಿರುವ ಸ್ನಾಯುವಿಗೇ ಹಾಕಿದರೆ ಕಣ್ಣು ನೇರವಾಗಬಹುದೆಂದು ಅವರು ಮೊದಲು ಕೋತಿಗಳಲ್ಲಿ, ಬಳಿಕ ಮನುಷ್ಯರಲ್ಲಿ ತೋರಿಸಿದರು. ಮೆಳ್ಳೆಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ ಅಮೆರಿಕದ ಔಷಧ ನಿಯಂತ್ರಕರ ಅನುಮತಿ ದೊರೆತದ್ದು 1989ರಲ್ಲಿ. ಒಂದೊಂದು ಪ್ರಮಾಣವನ್ನೂ ಅಳೆದು, ರೋಗಿಯನ್ನು ಮತ್ತೆ ಮತ್ತೆ ಕರೆದು ನೋಡಿದ ಆ ತಾಳ್ಮೆಯೇ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವಾರ್ಹವೆನಿಸುವ ಭಾಗ.

ಸೌಂದರ್ಯದ ತಿರುವು ಬಂದದ್ದು ವ್ಯಾಂಕೂವರ್‌ನಲ್ಲಿ. ರೆಪ್ಪೆಯ ಸೆಳೆತಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ಮಹಿಳೆ, ಹುಬ್ಬುಗಳ ನಡುವೆ ಸೂಜಿ ಹಾಕಿಸಿಕೊಂಡಾಗ ಮುಖ ಶಾಂತವಾಗಿ ಕಾಣುತ್ತದೆಂದು 1987ರಲ್ಲಿ ನೇತ್ರತಜ್ಞೆ ಜೀನ್ ಕ್ಯಾರುಥರ್ಸ್ ಅವರಿಗೆ ಹೇಳಿದರು. ಜೀನ್ ಅದನ್ನು ಚರ್ಮರೋಗ ತಜ್ಞರಾದ ಪತಿ ಅಲಸ್ಟೇರ್ ಅವರೊಂದಿಗೆ ಚರ್ಚಿಸಿದರು. ಇಬ್ಬರೂ ಸೇರಿ 1992ರಲ್ಲಿ ಪ್ರಬಂಧ ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆಂದೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ: ಐದು ಬಿಂದುಗಳು, ಒಟ್ಟು 20 ಯೂನಿಟ್ (ಔಷಧದ ಶಕ್ತಿಯ ಅಳತೆ), ಮೂರು-ನಾಲ್ಕು ತಿಂಗಳ ಪರಿಣಾಮ.

ಅಲ್ಲಿಂದಾಚೆಗೆ ಬೇಡಿಕೆ ಎಷ್ಟು ವೇಗವಾಗಿ ಹರಡಿತೋ ಶಿಸ್ತು ಅಷ್ಟು ವೇಗವಾಗಿ ಹರಡಲಿಲ್ಲ. 2004ರಲ್ಲಿ ಫ್ಲೋರಿಡಾದಲ್ಲಿ, ಮನುಷ್ಯರ ಬಳಕೆಗೆ ಅನುಮತಿಯಿಲ್ಲದ, ಸಂಶೋಧನೆಗೆಂದು ತಯಾರಿಸಿದ ಟಾಕ್ಸಿನ್ ಚುಚ್ಚಲ್ಪಟ್ಟ ನಾಲ್ವರು ಸ್ನಾಯುಗಳು ತೀವ್ರವಾಗಿ ಸೋತು ಆಸ್ಪತ್ರೆ ಸೇರಿದರು. ಚುಚ್ಚಿದ ಜಾಗದಿಂದ ದೂರಕ್ಕೂ ಪರಿಣಾಮ ಹರಡಬಹುದೆಂಬ ಎಚ್ಚರಿಕೆಯನ್ನು 2009ರಲ್ಲಿ ಅಮೆರಿಕದ ನಿಯಂತ್ರಕರು ಕಡ್ಡಾಯಗೊಳಿಸಿದರು. ಒಂದು ತಯಾರಿಕೆಯ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮವಲ್ಲ ಎಂಬ ಸರಳ ಸಂಗತಿಯನ್ನೂ ಸೂಜಿ ಹಿಡಿದವರು ಅರಿತಿರಲೇಬೇಕು.

ಹಯಲುರಾನಿಕ್ ಆಮ್ಲದ ಫಿಲ್ಲರ್ ತಪ್ಪು ಜಾಗಕ್ಕೆ ಹೋದರೆ ಅದನ್ನು ಕರಗಿಸುವ ಕಿಣ್ವವಿದೆ, ಆದರೂ ರಕ್ತನಾಳ ಮುಚ್ಚಿಕೊಂಡು ದೃಷ್ಟಿಯೇ ಹೋದ ಪ್ರಕರಣಗಳು ದಾಖಲಾಗಿವೆ. ಸ್ನಾಯುವಿನಲ್ಲಿ ಆಗಲೇ ಕೆಲಸ ಆರಂಭಿಸಿದ ಟಾಕ್ಸಿನ್ ಅನ್ನು ಮಾತ್ರ ಹಿಂದಕ್ಕೆ ಕರೆಯಲಾಗುವುದಿಲ್ಲ. ರೆಪ್ಪೆ ಇಳಿಬಿದ್ದರೆ, ಕಣ್ಣಿನ ಹನಿಗಳಿಂದ ತುಸು ಎತ್ತಿ ಹಿಡಿಯಬಹುದಾದರೂ, ಅದು ತಾನಾಗಿ ಮೇಲೇಳುವವರೆಗೆ ವಾರಗಟ್ಟಲೆ ಕಾಯಬೇಕು.